ದುರ್ಬೀನಿನ ಕುಂಚಿಗೆ

ಮೊನ್ನೆ ಕಣ್ಣಿನ ಡಾಕ್ಟರು ನನ್ನ ಪೊರೆ ತೆಗೆದು, ಮೇಲೊಂದು ಅಗಲವಾದ ಕಪ್ಪು ಕನ್ನಡಕ ಏರಿಸಿ, "ಅಜ್ಜಿ, ಒಂದು ತಿಂಗಳು ಇದನ್ನ ತೆಗೀಬ್ಯಾಡ್ರಿ, ಬಿಸಲ ಕಡೆ ಅಂತೂ ನೋಡಲೇಬ್ಯಾಡ್ರಿ" ಎಂದರು. ಮನೆಗೆ ಬಂದು ಕನ್ನಡಿಯಲ್ಲಿ ನೋಡಿಕೊಂಡೆ. ನಿಜಾಮರ ಕಾಲದ ಅಮೀನಸಾಹೇಬರು ಸೀರೆ ಉಟ್ಟ ಹಾಗೆ ಕಾಣುತ್ತಿದ್ದೆ. ಆರೋಗ್ಯ ವಿಚಾರಿಸಲು ಬಂದ ಓಣಿಯ ಹೆಂಗಸರು ಮೊದಲು ನಕ್ಕು, ಆಮೇಲೆ ವಿಚಾರಿಸಿದರು. ನನಗೇನೂ ಬೇಸರವಾಗಲಿಲ್ಲ. ಈ ವಯಸ್ಸಿನಲ್ಲಿ ನನ್ನನ್ನು ನೋಡಿ ನಾಲ್ಕು ಜನ ನಕ್ಕರೆ ನನ್ನ ಗಂಟೇನು ಹೋಗುತ್ತದೆ?

ಡಾಕ್ಟರ ಮುಂದೆ ನಾನೂ ನಕ್ಕುಬಿಟ್ಟಿದ್ದೆ. "ಯಾಕ ಅಜ್ಜಿ?" ಎಂದರು. "ಸೂರ್ಯನ್ನ ನೋಡಾಕಂತ ಕರೀ ಗಾಜು ಕಟ್ಟಿದ ಕೈ ಇದು, ಡಾಕ್ಟರೇ" ಎಂದೆ. ಅವರು "ಹೌದಾ, ಛಲೋ ಆತು" ಎಂದು ಮುಂದಿನವರನ್ನು ಕರೆದರು. ಪಾಪ, ಹೊರಗೆ ಜನ ಸಾಲು ಹಚ್ಚಿ ಕುಳಿತಿದ್ದರು. ನಿಮಗೆ ಅಂಥ ಅವಸರವಿಲ್ಲ ಎಂದುಕೊಂಡು ಹೇಳುತ್ತೇನೆ. ಇದ್ದರೆ ಮೆಲ್ಲಗೆ ಎದ್ದು ಹೋಗಿ, ಈ ಕನ್ನಡಕದೊಳಗಿಂದ ನನಗೆ ಗೊತ್ತಾಗುವುದೂ ಇಲ್ಲ.

ನಾನು ಹುಟ್ಟಿದ್ದು ಜೇವರ್ಗಿಯಲ್ಲಿ, ಕೊಟ್ಟಿದ್ದು ಆಳಂದ ತಾಲೂಕಿನ ನರೋಣಾಕ್ಕೆ. ಗಂಡ ಅಲ್ಲಿನ ಸರಕಾರಿ ಶಾಲೆಯ ಮಾಸ್ತರು. ಉರ್ದುವಿನಲ್ಲಿ ಲೆಕ್ಕ ಕಲಿಸುತ್ತಿದ್ದರು, ಕನ್ನಡದಲ್ಲಿ ಬೈಯುತ್ತಿದ್ದರು. ಹುಡುಗರಿಗೆ ಬೈಗುಳ ಬೇಗ ತಿಳಿಯುತ್ತಿತ್ತು. ಗಂಡನ ಹೆಸರು ಬಾಯಲ್ಲಿ ತರುವ ಹಾಗಿಲ್ಲವಲ್ಲ, ಊರವರು ಕರೆದ ಹಾಗೆ ನಾನೂ 'ಮಾಸ್ತರರು' ಎಂದೇ ಕರೆದೆ. ಇವತ್ತಿಗೂ ಆ ರೂಢಿ ಬಿಟ್ಟಿಲ್ಲ, ಆದ್ದರಿಂದ ನಿಮಗೂ ಅವರು ಮಾಸ್ತರರೇ. ಮನೆಯಲ್ಲಿ ನಾವು ಮೂರೇ ಜನ. ಮಾಸ್ತರರು, ಅವರ ತಾಯಿ ಅಂದರೆ ನಮ್ಮ ಅತ್ತಿ, ಮತ್ತು ನಾನು. ಮಾವನವರು ನಾನು ಬರುವುದಕ್ಕೆ ಎಷ್ಟೋ ಮೊದಲೇ ತೀರಿಕೊಂಡಿದ್ದರು.

ಹೋದ ಹೊಸತರಲ್ಲಿ ಒಂದು ವಿಷಯ ಕಂಡೆ. ಮಾಸ್ತರರು ನನ್ನನ್ನು ನೆಟ್ಟಗೆ ನೋಡುತ್ತಿರಲಿಲ್ಲ. ಕೋಳಿ ಕಾಳು ನೋಡುವ ಹಾಗೆ ಕತ್ತು ತುಸು ಹೊರಳಿಸಿ ನೋಡುತ್ತಿದ್ದರು. ಮೊದಲ ವಾರ ನಾಚಿಕೆ ಇರಬೇಕು ಎಂದುಕೊಂಡೆ. ಎರಡನೆಯ ವಾರ ಸೊಕ್ಕು ಇರಬೇಕು ಎಂದುಕೊಂಡೆ. ಮೂರನೆಯ ವಾರ ತಡೆಯಲಾರದೆ ಕೇಳಿಯೇಬಿಟ್ಟೆ: "ನನ್ನ ಮಾರಿ ನಿಮಗ ಸೇರಂಗಿಲ್ಲೇನ್ರಿ?"

ಅವರು ಗಾಬರಿಯಾದರು. "ಹಂಗಲ್ಲ, ಗೌರಿ. ನನ್ನ ಬಲಗಣ್ಣಾಗ ನಟ್ಟನಡುವ ಒಂದು ತೂತ ಅದ. ಅದೊಂದರಿಂದ ನೋಡಿದ್ರ ನಿನ್ನ ಓಲಿ ಕಾಣ್ತಾವ, ತುರುಬು ಕಾಣ್ತದ, ಮಾರಿ ಇದ್ದಲ್ಲಿ ಮಾರಿ ಇರಂಗಿಲ್ಲ" ಎಂದರು. ಎಂಟು ವರ್ಷದವರಿದ್ದಾಗ ಸೂರ್ಯಗ್ರಹಣ ಬಂದಿತ್ತಂತೆ. ಇದೇ ಮನೆಯ ಮಾಳಿಗೆಯ ಮೇಲೆ ಕುಳಿತು, ಗೋಲಿಗೆ ಗುರಿ ಹಿಡಿಯುವವರ ಹಾಗೆ ಎಡಗಣ್ಣು ಮುಚ್ಚಿ, ಬಲಗಣ್ಣೊಂದರಿಂದ ಬಹಳ ಹೊತ್ತು ನೋಡಿದರಂತೆ. ಸಂಜೆಯ ಹೊತ್ತಿಗೆ ಆ ಕಣ್ಣಿನ ನಡುವೆ ಕಪ್ಪು ಬಂದು ಕೂತಿತು, ಮತ್ತೆ ಏಳಲಿಲ್ಲ. ಎಡಗಣ್ಣು ಮುಚ್ಚಿಕೊಂಡಿದ್ದರಿಂದ ಅದೊಂದು ಉಳಿಯಿತು.

"ಹಂಗಾದ್ರ ನನ್ನ ನೋಡಾಕ ಬಂದಾಗ ಯಾವ ಕಣ್ಣಿಲೆ ನೋಡಿದ್ರಿ?" ಎಂದೆ.

"ಎರಡೂ ತೆರದೇ ನೋಡೇನಿ ತಾಯಿ. ಮೋಸ ಏನೂ ಆಗಿಲ್ಲ."

ನಮ್ಮ ಜೇವರ್ಗಿಯಲ್ಲೂ ಗ್ರಹಣಗಳು ಬಂದಿದ್ದವು. ಆದರೆ ನಮ್ಮವ್ವ ತಾಟಿನಲ್ಲಿ ನೀರು ಹಾಕಿ, ಅದರಲ್ಲಿ ಒನಕೆ ನಿಲ್ಲಿಸುತ್ತಿದ್ದಳು. ಗ್ರಹಣ ಹಿಡಿದಿರುವವರೆಗೆ ಒನಕೆ ತಾನೇ ನಿಲ್ಲುತ್ತದೆ, ಬಿಟ್ಟ ಮೇಲೆ ಬೀಳುತ್ತದೆ ಎಂದು ನಂಬಿಕೆ. ಅದು ಯಾವಾಗ ಬೀಳುತ್ತದೋ ಎಂದು ನಾವು ಮಕ್ಕಳೆಲ್ಲ ತಾಟಿನ ಸುತ್ತ ಕುಕ್ಕರಗಾಲಲ್ಲಿ ಕುಳಿತು ನೆಲ ನೋಡುತ್ತಿದ್ದೆವು, ಆಕಾಶದ ಗೊಡವೆಗೆ ಯಾರೂ ಹೋಗಲಿಲ್ಲ. ಓದಿದ ಜನ ಆ ಒನಕೆಯನ್ನು ನೋಡಿ ನಗುತ್ತಾರೆ. ನಮ್ಮ ಓಣಿಯ ಹುಡುಗರ ಕಣ್ಣೆಲ್ಲ ಉಳಿದದ್ದು ಅದರಿಂದಲೇ ಎಂದು ನಾನಂತೂ ಹೇಳುತ್ತೇನೆ.

ಮನೆಯಲ್ಲಿ ಇನ್ನೊಂದು ಸೋಜಿಗ ಇತ್ತು. ತವರಿನಿಂದ ನಾನು ಬೆಳ್ಳಿಯ ಕಾಡಿಗೆ ಭರಣಿ ತಂದಿದ್ದೆ. ಹೋದ ಮರುದಿನವೇ ಅತ್ತಿ ಅದನ್ನು ನೋಡಿ, ಮೆಲ್ಲಗೆ, ಬೇಡಿಕೊಳ್ಳುವವರ ಹಾಗೆ, "ಗೌರವ್ವಾ, ಈ ಮನ್ಯಾಗ ಕಾಡಿಗಿ ಹಚ್ಚಂಗಿಲ್ಲವ್ವಾ. ಪೆಟಗ್ಯಾಗ ಇಟ್ಟುಬಿಡು" ಎಂದರು. ಮಠದ ಸ್ವಾಮಿಗಳ ಅಪ್ಪಣೆಯೋ, ಮನೆದೇವರ ಹರಕೆಯೋ ಇರಬೇಕೆಂದು ನಾನು ಕೇಳಲಿಲ್ಲ. ಅದೊಂದು ಬಿಟ್ಟರೆ ಅತ್ತಿ ಬಹಳ ಮೆತ್ತಗಿನ ಮನಸ್ಸಿನವರು. ನಾನು ಸೀಯಿಸಿದ ರೊಟ್ಟಿಯನ್ನು ತಾವೇ ತೆಗೆದಿಟ್ಟುಕೊಂಡು ತಿನ್ನುತ್ತಿದ್ದರು. ಮಗನಿಗಂತೂ ಒಂದು ದಿನ ಏರುದನಿಯಲ್ಲಿ ಮಾತಾಡಿದ್ದು ನಾನು ಕೇಳಿರಲಿಲ್ಲ. ಅಂಥ ಅತ್ತಿ ಸಿಕ್ಕಿದ್ದಕ್ಕೆ ನನ್ನ ಗೆಳತಿಯರು ಹೊಟ್ಟೆ ಉರಿದುಕೊಂಡರು.

ಇನ್ನು ದುರ್ಬೀನಿನ ಕತೆ. ಅದನ್ನು ಹೇಳುವಾಗ ಈಗಲೂ ನನಗೆ ಸಿಟ್ಟು ಬರುತ್ತದೆ. ನೀರಿನ ಕೊಡದ ತಳ ತೂತು ಬಿದ್ದಿತ್ತು. ಆಳಂದದ ಸಂತೆಗೆ ಹೊರಟವರಿಗೆ ಒಂದು ಹಿತ್ತಾಳೆ ಕೊಡ ತರಲು ಹೇಳಿದೆ. ಕೊಡ ಬೇಕು, ಕೊಡ ಬೇಕು ಎಂದು ಬಾಗಿಲಲ್ಲಿ ಮತ್ತೊಮ್ಮೆ ಹೇಳಿದೆ. ಸಂಜೆ ಬಂದಾಗ ಬಗಲಲ್ಲಿ ಕೊಡ ಇರಲಿಲ್ಲ. ಒಂದರೊಳಗೊಂದು ಸೇರುವ ಮೂರು ಕೊಳವೆಯ, ಎಳೆದರೆ ಮೊಳದುದ್ದವಾಗುವ ಹಳೇ ದುರ್ಬೀನು ಇತ್ತು. ಯಾವನೋ ಹಳೇ ಸಾಮಾನಿನವನು ಗೋಣಿಯ ಮೇಲೆ ಹರವಿದ್ದನಂತೆ.

"ಕೊಡ ಎಲ್ರಿ?"

"ಇದೂ ಹಿತ್ತಾಳಿನೇ ಅಲ್ಲೇನು?" ಎಂದರು ಮಾಸ್ತರರು.

ಆಮೇಲೆ ಎರಡು ತಿಂಗಳು ನಾನು ತೂತಿಗೆ ಮೇಣ ಮೆತ್ತಿ ನೀರು ಹೊತ್ತೆ. ಮಾಸ್ತರರು ಮಾಳಿಗೆಯ ಮೇಲೆ ಕುಳಿತು ಚಂದ್ರನನ್ನು ನೋಡಿದರು, ಗಿಣಿ ನೋಡಿದರು, ಕಡಗಂಚಿ ದಾರಿಯಲ್ಲಿ ಬರುವ ಬಂಡಿಗಳ ಎತ್ತಿನ ಕೋಡು ನೋಡಿದರು. ನನಗೂ ತೋರಿಸಿದರು. ಮೊದಲ ಸಲ ಚಂದ್ರನ ಮೇಲಿನ ಕುಳಿಗಳನ್ನು ನೋಡಿದ ದಿನ ಕೊಡದ ಸಿಟ್ಟು ಅರ್ಧ ಇಳಿಯಿತು. ಪೂರ್ತಿ ಇಳಿಯಿತೆಂದು ಅವರಿಗೆ ಹೇಳಲಿಲ್ಲ, ಹೇಳಬಾರದು ಕೂಡ.

ಎರಡನೆಯ ಜರ್ಮನ್ ಲಡಾಯಿ ಮುಗಿದು ಸ್ವಲ್ಪ ದಿನವಾಗಿತ್ತು. ಸಂಕ್ರಾಂತಿ ಕಳೆದು ತೊಗರಿ ರಾಶಿಯಾಗಿ ಮನೆಗೆ ಬಂದಿತ್ತು. ಹೈದರಾಬಾದಿನ ಉರ್ದು ಪೇಪರೊಂದು ನಾಲ್ಕೈದು ದಿನ ಹಳೆಯದಾಗಿ ಶಾಲೆಗೆ ಬರುತ್ತಿತ್ತು. ಸೂರ್ಯನ ಮೇಲೆ ದೊಡ್ಡ ದೊಡ್ಡ ಕಲೆಗಳು ಎದ್ದಿವೆ, ಕಪ್ಪು ಗಾಜು ಹಿಡಿದು ನೋಡಿದವರಿಗೆ ಕಾಣಿಸಿವೆ ಎಂದು ಅದರಲ್ಲಿ ಬಂದಿತ್ತು. ಅವತ್ತಿನಿಂದ ಮಾಸ್ತರರಿಗೆ ಊಟ ಸೇರಲಿಲ್ಲ.

"ಅವ್ವಾ, ಸೂರ್ಯನ ಮ್ಯಾಲ ಕಲಿ ಬಿದ್ದಾವಂತ. ದುರ್ಬೀನಿಗೆ ಏನರೆ ಕರೀದು ಹಚ್ಚಿ ನೋಡಬೇಕಂತ ಮಾಡೇನಿ" ಎಂದರು ಉಣ್ಣುತ್ತ.

ರೊಟ್ಟಿ ಬಡಿಯುತ್ತಿದ್ದ ಅತ್ತಿಯ ಕೈ ನಿಂತಿತು. "ಒಂದು ಕಣ್ಣು ಕೊಟ್ಟದ್ದು ಸಾಲಲಿಲ್ಲೇನಪ್ಪಾ?" ಎಂದರು. ಅಷ್ಟೇ. ಎದ್ದು ಹಿತ್ತಲಿಗೆ ಹೋದರು.

ಮರುದಿನದಿಂದ ಅತ್ತಿ ತೊಗರಿ ಹಸನು ಮಾಡುವ ಮೊರ ಹಿಡಿದು, ಮಾಳಿಗೆಗೆ ಹೋಗುವ ನಿಚ್ಚಣಿಕೆಯ ಬುಡದಲ್ಲೇ ಕೂತುಬಿಟ್ಟರು. ಮಗ ಹತ್ತಬೇಕೆಂದರೆ ತಾಯಿಯನ್ನು ದಾಟಿ ಹತ್ತಬೇಕು. ನನ್ನನ್ನು ಒಳಗೆ ಕರೆದು ಎರಡೂ ಕೈ ಹಿಡಿದುಕೊಂಡು, "ಗೌರವ್ವಾ, ಉಳಿದದ್ದು ಒಂದ ಕಣ್ಣು. ಅದೂ ಹೋದ್ರ ನನ್ನ ಮಗ ನಿನ್ನ ಕೈ ಹಿಡಕೊಂಡು ಬಯಲಿಗಿ ಹೋಗಬೇಕಾಗ್ತದ. ಅದನ್ನ ಕಾಯೋದು ಇನ್ನ ನಿಂದು" ಎಂದರು. ಮಾಸ್ತರಿಕೆ ಅಂದರೆ ಓದುವುದು, ಬರೆಯುವುದು. ಆ ಎಡಗಣ್ಣು ಹೋದರೆ ಅವರೇನು ಮಾಡಿಯಾರು, ನಾವೇನು ಮಾಡಿಯೇವು?

ಆದರೆ ನನ್ನ ಗಂಡನ ಸ್ವಭಾವ ನನಗೆ ಗೊತ್ತಿತ್ತಲ್ಲ. ಮೂರನೆಯ ದಿನ ಕೋಟಿನ ಒಳಜೇಬಿನಲ್ಲಿ ದುರ್ಬೀನು ತುರುಕಿಕೊಂಡು ಶಾಲೆಗೆ ಹೊರಟಿದ್ದರು. ಕೇಳಿದರೆ, ಸಂಜೆ ಸೂರ್ಯ ಕೆಂಪಗಾದಾಗ ಏನೂ ಆಗುವುದಿಲ್ಲ ಎಂದು ನನಗೇ ಪಾಠ ಹೇಳಿದರು. ಮೈಯೆಲ್ಲ ಉರಿಯಿತು. ಕದ್ದು ನೋಡುವ ಗಂಡಸನ್ನು ಎಷ್ಟಂತ ಕಾಯುವುದು? ಅದಕ್ಕಿಂತ ನಾನೇ ಎದುರಿಗೆ ಕೂರಿಸಿ ಸರಿಯಾಗಿ ತೋರಿಸುವುದು ವಾಸಿ ಎಂದುಕೊಂಡೆ. ಹೊಲಿಗೆ, ಜೋಡಣೆ ಎಲ್ಲ ನನ್ನ ಕೈಗೇ ಸುಲಭ. ಸೂಜಿ ಹಿಡಿಯುವಂಥ ಸೂಕ್ಷ್ಮ ಕೆಲಸಕ್ಕೆ ಅವರ ಕಣ್ಣು ಒಗ್ಗುತ್ತಿರಲಿಲ್ಲ.

ಮೊದಲ ಸಲ ನಾನು ಮಾಡಿದ್ದು ಶುದ್ಧ ದಡ್ಡತನ. ಅತ್ತಿ ಮಠಕ್ಕೆ ಹೋದ ಹೊತ್ತು ನೋಡಿ, ಔಡಲೆಣ್ಣೆಯ ದೀಪ ಹಚ್ಚಿ, ಹಳೇ ಪಟದ ಗಾಜಿನ ಚೂರೊಂದನ್ನು ಅದರ ಮೇಲೆ ಹಿಡಿದು ಮಸಿ ಕೂರಿಸಿದೆ. ತವರಿನಲ್ಲಿ ಕಾಡಿಗೆ ಮಾಡಿ ಕೈ ಪಳಗಿತ್ತು, ಮಸಿ ಮಖಮಲ್ಲಿನ ಹಾಗೆ ಬಂತು. ಅದನ್ನು ದುರ್ಬೀನಿನ ಕಣ್ಣಿಡುವ ಕಡೆಗೆ ಮೇಣದಿಂದ ಮೆತ್ತಿದೆ. ಕಣ್ಣಿಗೆ ಹಾಕುವ ಚಾಳೀಸು ಕಣ್ಣಿನ ಹತ್ತಿರವೇ ಇರಬೇಕಲ್ಲ ಎಂದು ನನ್ನ ತರ್ಕ. ಮಾಸ್ತರರೂ ಭೇಷ್ ಎಂದರು.

ಮಾಳಿಗೆಯ ಅಂಚಿನ ಕುಂಬಿಗೋಡೆಯ ಮೇಲೆ ತೊಗರಿ ಚೀಲ ಇಟ್ಟು, ಅದರಲ್ಲಿ ದುರ್ಬೀನನ್ನು ಒತ್ತಿ ಕೂರಿಸಿದೆವು. ಸೂರ್ಯನಿಗೆ ಗುರಿ ಹಿಡಿಯಲು ಕಣ್ಣಿಡಬೇಕಾಗಿಲ್ಲ. ಕೊಳವೆಯ ನೆರಳು ನೆಲದ ಮೇಲೆ ಉದ್ದಕ್ಕಿರುತ್ತದಲ್ಲ, ಅದು ಕುಗ್ಗಿ ಕುಗ್ಗಿ ಬರೀ ದುಂಡಗಾಗುವವರೆಗೆ ಹೊರಳಿಸುತ್ತ ಹೋದರೆ ಸಾಕು. ಇದು ಮಾತ್ರ ಮಾಸ್ತರರ ಜಾಣತನ, ಒಪ್ಪಬೇಕು. ನೆರಳು ದುಂಡಗಾಯಿತು. ಅವರು ಬಗ್ಗಿದರು. "ಟೊಪಗಿ ತಗೀರಿ, ಅಡ್ಡ ಬರ್ತದ" ಎಂದೆ ನಾನು. ಟೊಪ್ಪಿಗೆ ತೆಗೆಯಲು ತಲೆ ಎತ್ತಿದರು, ಅಷ್ಟರಲ್ಲಿ 'ಟಪ್' ಎಂದಿತು. ಗಾಜು ಸೀಳಿ ಎರಡು ಹೋಳಾಗಿ ಬಿತ್ತು. ಬೆಳಕಿನ ಕಡ್ಡಿಯೊಂದು ಹೊರಗೆ ನುಗ್ಗಿ ಅವರ ಕರೀ ಕೋಟಿನ ತೋಳಿಗೆ ಬಿದ್ದು, ನೋಡನೋಡುತ್ತ ಹೊಗೆ ಎದ್ದಿತು.

ಆ ತೂತು ಕೋಟಿಗೆ ಬಿತ್ತು. ಒಂದು ಗಳಿಗೆ ತಡವಾಗಿದ್ದರೆ ಎಲ್ಲಿಗೆ ಬೀಳುತ್ತಿತ್ತು ಎಂದು ನೆನೆದು ನಾನು ಅಲ್ಲೇ ಕುಸಿದು ಕುಳಿತು ಅತ್ತೆ. ಮಾಸ್ತರರು ದುರ್ಬೀನಿನ ಬಾಯಿಗೆ ಟೊಪ್ಪಿಗೆ ಮುಚ್ಚಿದರು. ಆ ಟೊಪ್ಪಿಗೆಯೇ ಅವತ್ತು ಅವರನ್ನು ಕಾಯ್ದದ್ದು, ನನ್ನ ಜಾಣತನವಲ್ಲ.

ಅತ್ತಿ ಬಂದವರು ದೀಪದ ವಾಸನೆಗೆ ಒಳಗೆ ಹೋಗಿ ನೋಡಿದರು. ಕೋಟಿನ ತೋಳು ನೋಡಿದರು, ತೂತಿನಲ್ಲಿ ಬೆರಳು ಹಾಕಿ ನೋಡಿದರು. ಬೈದಾರು, ನನ್ನನ್ನು ತವರಿಗೆ ಅಟ್ಟಿಯಾರು ಎಂದು ನಿಂತಿದ್ದೆ. ಅವರು ಮಸಿ ಹಿಡಿದ ಗಾಜಿನ ಹೋಳುಗಳನ್ನು ಎತ್ತಿಕೊಂಡು ಬಚ್ಚಲಿಗೆ ಹೋಗಿ ಬೂದಿ ಹಾಕಿ ತಿಕ್ಕಿದರು. ಮಸಿ ಹೋದ ಮೇಲೂ ತಿಕ್ಕಿದರು. ಕೈ ಕೊಯ್ದುಕೊಂಡು ರಕ್ತ ಬಂದರೂ ತಿಕ್ಕುತ್ತಿದ್ದರು. ನಾನೇ ಕೈ ಹಿಡಿದು ಎಬ್ಬಿಸಿದೆ. ಇದು ಬರೀ ಸಿಟ್ಟಲ್ಲ, ಬೇರೆ ಏನೋ ಇದೆ ಎಂದು ನನಗೆ ಆಗ ಹೊಳೆಯಿತು. ಏನೆಂದು ತಿಳಿಯಲಿಲ್ಲ.

ಅದಾಗಿ ಹದಿನೈದು ದಿನಕ್ಕೆ ಶಾಲೆಯ ಕೆಲಸಕ್ಕೆಂದು ಮಾಸ್ತರರು ಕಡಗಂಚಿಯವರೆಗೆ ಬಂಡಿ, ಅಲ್ಲಿಂದ ಮೋಟಾರು ಹಿಡಿದು ಕಲಬುರ್ಗಿಗೆ ಹೋದರು. ಅಲ್ಲೊಬ್ಬ ಫೋಟೋದವನಿದ್ದ. ಅವನ ಮುಂದೆ ನಮ್ಮ ಪರಾಕ್ರಮ ಹೇಳಿಕೊಂಡರಂತೆ. ಅವನು ಬಿದ್ದು ಬಿದ್ದು ನಕ್ಕು, "ಮಾಸ್ತರ್ ಸಾಬ್, ಬೆಂಕಿ ಒಳಗ ಬಂದ ಮ್ಯಾಲ ಬಾಗಲಾ ಹಾಕಿದ್ರ ಏನ್ ಫಾಯಿದಾ? ಗಾಜು ಮುಂದಿನ ಬಾಯಿಗಿ ಕಟ್ರಿ, ಸೂರ್ಯಾ ಒಳಗ ಬರೂಕಿಂತ ಮೊದಲ ತಡೀರಿ. ಮಸಿ ಬ್ಯಾಡ, ಮುಟ್ಟಿದ್ರ ಉದುರ್ತದ" ಎಂದನಂತೆ. ಬಿಸಿಲಿಗೆ ಬಿಚ್ಚಿ ಕೆಟ್ಟುಹೋದ ಫೋಟೋ ಗಾಜುಗಳನ್ನು ಔಷಧದ ನೀರಿನಲ್ಲಿ ಅದ್ದಿ ತೆಗೆದರೆ ಇಡೀ ಗಾಜು ಕಪ್ಪಾಗುತ್ತದಂತೆ. ಆ ಕಪ್ಪು ಬೆಳ್ಳಿಯದಂತೆ. ಅಂಥ ಏಳು ಗಾಜು ಪೇಪರಿನಲ್ಲಿ ಸುತ್ತಿ ಕೊಟ್ಟಿದ್ದ.

ನನಗೆ ಒಂದು ಸಲ ಬುದ್ಧಿ ಬಂದಿತ್ತು. ಬೇಳೆಯಲ್ಲಿ ಕಲ್ಲು ಹುಡುಕುವವಳಿಗೆ ಗಾಜಿನಲ್ಲಿ ತೂತು ಹುಡುಕುವುದು ಕಷ್ಟವೇನಲ್ಲ. ದೀಪ ಹಚ್ಚುವ ಹೊತ್ತಿಗೆ ಕಣಜದ ಕೋಣೆಯ ಬಾಗಿಲು ಹಾಕಿಕೊಂಡು, ಕಂದೀಲಿನ ಮುಂದೆ ಒಂದೊಂದೇ ಗಾಜು ಹಿಡಿದು ಇಂಚಿಂಚು ನೋಡಿದೆ. ಸಾಸಿವೆಯಷ್ಟು ಬೆಳಕು ತೂರಿದರೂ ಪಕ್ಕಕ್ಕಿಟ್ಟೆ. ಏಳರಲ್ಲಿ ಎರಡು ಉಳಿದವು. ಅವೆರಡನ್ನೂ ಕಪ್ಪು ಬದಿ ಒಳಗಾಗುವಂತೆ ಒಂದಕ್ಕೊಂದು ಜೋಡಿಸಿ, ಸುತ್ತ ಬಟ್ಟೆಯ ಅಂಚು ಅಂಟಿಸಿದೆ. ಎಣ್ಣೆ ಅಳೆಯುವ ತಗಡಿನ ಪಾವಿನ ತಳ ಕಿತ್ತು, ಅದರೊಳಗೆ ಗಾಜು ಕೂರಿಸಿದೆ. ಗಾಳಿಗೆ ಕಳಚಿ ಬೀಳಬಾರದು ಎಂದು ಹಳೇ ಇಳಕಲ್ ಸೀರೆಯ ತುಂಡಿನಿಂದ ಚೀಲ ಹೊಲಿದು, ಲಾಡಿ ಪೋಣಿಸಿ, ದುರ್ಬೀನಿನ ಕುತ್ತಿಗೆಗೆ ಎರಡು ಸುತ್ತು ಬಿಗಿದು ಕಟ್ಟುವ ಹಾಗೆ ಮಾಡಿದೆ. ಮುಗಿದ ಮೇಲೆ ನೋಡಿದರೆ ಥೇಟ್ ಕೂಸಿನ ತಲೆಗೆ ಕಟ್ಟುವ ಕುಂಚಿಗೆ!

ಈಗಿನ ಡಾಕ್ಟರರು ಆ ಫೋಟೋ ಗಾಜನ್ನೂ ಒಪ್ಪುವುದಿಲ್ಲ, ಮಸಿ ಗಾಜಿನ ಮಾತಂತೂ ಎತ್ತಲೇಬಾರದು. ನೀವು ನನ್ನ ಮಾತು ಕೇಳಿ ಇದನ್ನೆಲ್ಲ ಕಟ್ಟಲು ಹೋಗಬೇಡಿ. ದುರ್ಬೀನಿನ ಬೆಳಕನ್ನು ಬಿಳಿ ಕಾಗದದ ಮೇಲೆ ಬೀಳಿಸಿ, ಸೂರ್ಯನಿಗೆ ಬೆನ್ನು ಮಾಡಿ ನೋಡಿದರೆ ಕಲೆ ಅಲ್ಲೇ ಕಾಣುತ್ತವಂತೆ. ನಮ್ಮ ಪಡಸಾಲೆಯ ಮೇಲಿನ ಬೆಳಕಿಂಡಿಯಿಂದ ದಿನಾ ಒಂದು ದುಂಡನೆಯ ಬಿಸಿಲು ನೆಲಕ್ಕೆ ಬೀಳುತ್ತಿತ್ತು. ಅದು ಬೀಸುವ ಕಲ್ಲಿನ ಹತ್ತಿರ ಬಂದರೆ ರೊಟ್ಟಿಯ ಹೊತ್ತು ಎಂದು ನನಗೆ ಲೆಕ್ಕ. ಅದೂ ಸೂರ್ಯನ ಪಡಿನೆರಳೇ ಎಂದು ಮಾಸ್ತರರು ಹೇಳಿದ್ದರು. ದಿನಾ ಆ ಸೂರ್ಯನ ಮೇಲೆ ಸೆಗಣಿ ಸಾರಿಸುತ್ತಿದ್ದೆ, ಮಾಸ್ತರರು ದಿನಾ ಅದನ್ನು ದಾಟಿ ಓಡಾಡುತ್ತಿದ್ದರು. ಇಬ್ಬರಿಗೂ ಕಾಗದ ಹೊಳೆಯಲಿಲ್ಲ ನೋಡಿ!

ಕುಂಚಿಗೆ ಸಿದ್ಧವಾದರೂ ಈ ಸಲ ಅತ್ತಿಯ ಕಣ್ಣು ತಪ್ಪಿಸಿ ಏನೂ ಮಾಡುವುದಿಲ್ಲ ಎಂದು ನಾನು ಹಟ ಹಿಡಿದೆ. ಮುಂಜಾನೆ ನಿಚ್ಚಣಿಕೆಯ ಬುಡದಲ್ಲಿ ಕೂತಿದ್ದವರ ಮುಂದೆ ಅದನ್ನು ಇಟ್ಟು ಎಲ್ಲ ಹೇಳಿದೆ. "ಅತ್ತಿ, ನೀವು ಬ್ಯಾಡ ಅಂದ್ರ ಇದನ್ನ ಇಲ್ಲೇ ಒಡದು ಹಾಕ್ತೇನಿ. ಆದ್ರ ಅವ್ರು ನೋಡೂದು ಬಿಡಂಗಿಲ್ಲ. ಕದ್ದು ನೋಡ್ತಾರ. ಅದು ನನಗ ಹೆದರಿಕಿ" ಎಂದೆ.

ಅತ್ತಿ ಕುಂಚಿಗೆಯನ್ನು ತಿರುವಿ ತಿರುವಿ ನೋಡಿದರು. ಲಾಡಿ ಜಗ್ಗಿದರು. ಬಹಳ ಹೊತ್ತಿನ ಮೇಲೆ ಮೊರ ಪಕ್ಕಕ್ಕಿಟ್ಟು, ಸೀರೆಯ ಕಚ್ಚೆ ಬಿಗಿದು, "ನಡೀ. ಮೊದಲ ನಾ ನೋಡ್ತೇನಿ" ಎಂದು ನಿಚ್ಚಣಿಕೆ ಹತ್ತಿದರು. ಮಾಸ್ತರರು ಕೆಳಗಿನಿಂದ, "ಅವ್ವಾ, ನಿನಗ್ಯಾಕ? ಏನರೆ ಆದ್ರ?" ಎಂದರು.

"ಅದಕ್ಕ ನಾ ಮೊದಲ. ನನ್ನ ಕಣ್ಣು ನೋಡೂದೆಲ್ಲ ನೋಡ್ಯಾವ."

ನೆರಳು ದುಂಡಗಾಗುವ ಹಾಗೆ ದುರ್ಬೀನು ಹೊರಳಿಸಿದೆವು. ಅತ್ತಿ ಮೊದಲು ಕುಂಚಿಗೆ ಬಿಚ್ಚಿಸಿದರು. ಹಂಚು ಕಾದಿದೆಯೋ ಇಲ್ಲವೋ ನೋಡುವವರ ಹಾಗೆ ಅಂಗೈಯ ಹಿಂಬದಿಯನ್ನು ಕಣ್ಣಿಡುವ ತುದಿಗೆ ಹಿಡಿದು, "ಹಾಂ!" ಎಂದು ಕಿತ್ತುಕೊಂಡರು. ಆಮೇಲೆ ಕುಂಚಿಗೆ ಕಟ್ಟಿಸಿದರು. ಗಂಟನ್ನು ತಾವೇ ಇನ್ನೊಮ್ಮೆ ಬಿಗಿದರು. ಮತ್ತೆ ಕೈ ಹಿಡಿದರು. ಕಣ್ಣು ಮುಚ್ಚಿ ಓಂ ನಮಃ ಶಿವಾಯ ಎನ್ನುತ್ತ ನಿಂತರು. ನೂರೆಂಟಾಯಿತೋ ಏನೋ, ನನ್ನ ಕಾಲು ಸೋತವು. "ತಣ್ಣಗದ" ಎಂದರು. ಬಗ್ಗಿ ಕಣ್ಣಿಟ್ಟರು.

ಎಷ್ಟು ಹೊತ್ತಾದರೂ ಏಳಲಿಲ್ಲ. "ಅತ್ತಿ, ಏನ್ ಕಾಣ್ತದ?" ಎಂದೆ.

"ಬೆಳ್ಳಗದ. ಭೋಗಿ ಹಬ್ಬದ ಸಜ್ಜಿ ರೊಟ್ಟಿಗಿ ಎಳ್ಳು ಹಚ್ಚಿದಂಗ ಕರೀ ಕರೀ ಅದಾವ." ಆಮೇಲೆ ದನಿ ಬೇರೆಯಾಯಿತು. "ಇಷ್ಟ ಸಣ್ಣಾಂವೇನೋ? ಇಷ್ಟ ಸಣ್ಣಾಂವೇನು ನನ್ನ ಮಗನ ಕಣ್ಣು ತಿಂದಾಂವ?"

ತಲೆ ಎತ್ತಿ, ಕುಂಬಿಗೆ ಆತು ಕುಳಿತರು. "ಇಂವ ತಿನ್ನಲಿಲ್ಲ. ನಾ ತಿಂದೆ" ಎಂದರು.

ಆಗ ಹೇಳಿದರು. ಆ ಗ್ರಹಣದ ದಿನ ಮಗ ನೋಡುತ್ತೇನೆಂದು ಹಟ ಮಾಡಿದನಂತೆ. ಕಾಡಿಗೆ ಕಣ್ಣಿಗೆ ತಂಪು, ದಟ್ಟಗೆ ಹಚ್ಚಿದರೆ ಸೂರ್ಯನ ಝಳ ತಟ್ಟುವುದಿಲ್ಲ ಎಂದು ತಿಳಿದು, ಇವರೇ ಔಡಲೆಣ್ಣೆಯ ಹೊಸ ಕಾಡಿಗೆ ತೆಗೆದು ಎರಡೂ ಕಣ್ಣಿಗೆ ತುಂಬಿ, "ಈಗ ನೋಡು ಹೋಗು, ಏನೂ ಆಗಂಗಿಲ್ಲ" ಎಂದು ಕಳಿಸಿದರಂತೆ. "ಕಣ್ಣು ಉಳೀಲಿ ಅಂತ ಹಚ್ಚಿದ್ನೋ ತಮ್ಮಾ. ಈ ಕೈಲೆ ಹಚ್ಚಿ, ಈ ಬಾಯಿಲೆ ಹೋಗು ಅಂದೆ. ನಿನಗ ಹ್ಯಾಂಗ ಹೇಳಲಿ?" ಎಂದು ಎದೆ ಬಡಿದುಕೊಂಡರು. ಹದಿನಾರು ವರ್ಷ ಆ ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದರು. ನನ್ನ ಬೆಳ್ಳಿ ಭರಣಿ ಪೆಟ್ಟಿಗೆಯ ತಳ ಸೇರಿದ್ದಕ್ಕೆ ದೇವರೂ ಕಾರಣವಲ್ಲ, ಸ್ವಾಮಿಗಳೂ ಕಾರಣವಲ್ಲ.

ಮಾಸ್ತರರು ತಾಯಿಯನ್ನೇ ನೋಡುತ್ತ ನಿಂತಿದ್ದರು. ಆಮೇಲೆ ನಕ್ಕುಬಿಟ್ಟರು.

"ಅವ್ವಾ, ನೀ ಕಾಡಿಗಿ ಹಚ್ಚಾಕ ಕರಿಯೂದಕ್ಕ ಮೊದಲ ನಾ ನೋಡಿಬಿಟ್ಟಿದ್ದೆವ್ವಾ. ಗ್ರಹಣ ಹಿಡದ ಕೂಡ್ಲೇ ತಿಪ್ಪಿ ಹಿಂದ ನಿಂತು ನೋಡಿದ್ದೆ. ಆಗಲೇ ಕಣ್ಣಾಗ ಕತ್ತಲಿ ಬಂದಿತ್ತು. ಹೇಳಿದ್ರ ಹೊಡೀತಿ ಅಂತ ಸುಮ್ನಿದ್ದೆ. ನಿನ್ನ ಕಾಡಿಗಿ ಏನೂ ಮಾಡಿಲ್ಲ, ನೀನೂ ಏನೂ ಮಾಡಿಲ್ಲ."

ಅತ್ತಿ ಬಾಯಿ ತೆರೆದು ನೋಡಿದರು. ಮಾತು ತಿಳಿದ ಮೇಲೆ ಧಡಕ್ಕನೆ ಎದ್ದು, ಊರ ಮಾಸ್ತರರ ಬೆನ್ನಿಗೆ ಗುದ್ದಿದರು ನೋಡಿ! ಒಂದಲ್ಲ, ನಾಲ್ಕು. "ಹಲ್ಕಟ್! ಹೇಳಬಾರದೇನೋ? ಇಷ್ಟ ವರ್ಷ ಹೇಳಬಾರದೇನೋ ನನಗ? ಹೊಡೀತಿದ್ದೆ, ಬಿಡ್ತಿದ್ದೆ, ಮುಗೀತಿತ್ತಲ್ಲೋ!" ಎಂದು ಓಣಿಯೆಲ್ಲ ಕೇಳುವ ಹಾಗೆ ಬೈದರು. ಮಾಸ್ತರರು ಬೆನ್ನು ಕೊಟ್ಟು ನಿಂತಿದ್ದರು. ಆಚೆಮನೆಯ ಮಾಳಿಗೆಯ ಮೇಲೆ ಹಪ್ಪಳ ಹಾಕುತ್ತಿದ್ದವರು ಕೈ ಬಿಟ್ಟು ನಮ್ಮನ್ನೇ ನೋಡಿದರು. ಬೈಯುತ್ತಲೇ ಅತ್ತಿ ನಿಚ್ಚಣಿಕೆ ಇಳಿದರು. ರೊಟ್ಟಿಯ ಹೊತ್ತು ಮೀರುತ್ತಿತ್ತಂತೆ.

ಮಾಸ್ತರರು ಬಗ್ಗಿ ದುರ್ಬೀನಿಗೆ ಎಡಗಣ್ಣು ಇಟ್ಟರು. ನಾನು ಗಂಟನ್ನು ಬೆರಳಲ್ಲಿ ಒತ್ತಿ ಹಿಡಿದುಕೊಂಡು ಪಕ್ಕದಲ್ಲೇ ನಿಂತೆ. ಹಿಡಿಯುವ ಅಗತ್ಯ ಇರಲಿಲ್ಲ, ಆದರೂ ಹಿಡಿದೆ. ಆಗ ನನಗೊಂದು ಮಾತು ನೆನಪಾಯಿತು. ನನಗೆ ಹೇಳಿದ್ದ ಕತೆಯಲ್ಲಿ ತಿಪ್ಪೆ ಇರಲಿಲ್ಲ. ಈ ಮಾಳಿಗೆಯೇ ಇತ್ತು.

"ಏನ್ರಿ," ಎಂದೆ ಮೆಲ್ಲಗೆ, "ಖರೇನ ತಿಪ್ಪಿ ಹಿಂದ ನಿಂತಿದ್ರೇನು?"

"ಸುಮ್ನಿರು, ಗೌರಿ. ಕಲಿ ಎಣಸಾಕತ್ತೇನಿ" ಎಂದರು.

ನಾನು ಮತ್ತೆ ಕೇಳಲಿಲ್ಲ. ಅವರು ಎಣಿಸಿದರು. ಏಳು ಎಂದರು, ಅಲ್ಲ ಒಂಬತ್ತು ಎಂದರು, ಸಣ್ಣವು ಬಿಟ್ಟರೆ ಎರಡು ಎಂದರು. ಕೂಸಿನ ಹಾಗೆ ನಗುತ್ತಿದ್ದರು. ಸಾಕು ಏಳಿ ಎಂದು ನಾನೇ ತೋಳು ಹಿಡಿದು ಎಬ್ಬಿಸಬೇಕಾಯಿತು.

ಅಷ್ಟರಲ್ಲಿ ಅಂಗಳದಿಂದ ಕೂಗು ಬಂತು. ಅತ್ತಿ ಒಲೆಯ ಮುಂದೆ ಕೂರಲಾರದೆ ಹೊರಗೆ ಬಂದು, ಹಿಟ್ಟಿನ ಕೈಯಲ್ಲೇ ಬಿಸಿಲಿನ ನಡುವೆ ನಿಂತು, ಮಾಳಿಗೆಯ ಕಡೆಗೆ ಮುಖ ಎತ್ತಿದ್ದರು.

"ತಮ್ಮಾ! ಮುಗೀತೇನೋ? ಕಣ್ಣು ಹ್ಯಾಂಗದ? ನನ್ನ ಮಾರಿ ಕಾಣ್ತದೇನೋ ಅಲ್ಲಿಂದ?"

ಮಾಸ್ತರರು ಕುಂಬಿಯ ಮೇಲಿಂದ ಬಗ್ಗಿ ನೋಡಿದರು. ಬಲಗಣ್ಣಿಗೆ ಅಂಗೈ ಮುಚ್ಚಿಕೊಂಡು, ಎಡಗಣ್ಣೊಂದರಿಂದ, ನೆಟ್ಟಗೆ ನೋಡಿದರು.

"ಕಾಣ್ತದವ್ವಾ."

"ಸುಳ್ಳ ಹೇಳಬ್ಯಾಡ. ಹ್ಯಾಂಗ ಕಾಣ್ತದ ಹೇಳು."

"ಅಳಾಕತ್ತೀದಿ."

ಅತ್ತಿ ಕಣ್ಣು ಒರೆಸಿಕೊಳ್ಳಲಿಲ್ಲ. ಇನ್ನಷ್ಟು ಮುಖ ಎತ್ತಿ ಮಗನಿಗೆ ತೋರಿಸುತ್ತ ನಿಂತರು.

"ಹೌದೋ ಯಪ್ಪಾ," ಎಂದರು. "ಹಂಗಾರ ಖರೇನ ಕಾಣ್ತದ ನಿನಗ."